ಚಾರಿಟಿಯಲ್ಲಿ ಮ್ಯಾನೇಜರ್‌ಗಳನ್ನು ಬೆಳೆಸಲು ಅಪ್ರೆಂಟಿಸ್‌ಶಿಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಒಂದು ಸೇವಾ ಸಂಸ್ಥೆಯಲ್ಲಿ ಸಿಬ್ಬಂದಿಯ ತರಬೇತಿ ನೋಡಿಕೊಳ್ಳುವುದು ನನ್ನ ಕೆಲಸ. ನೆಲೆಯಿಲ್ಲದವರಿಗೆ ಆಸರೆ ಕೊಡುವ ಹಾಸ್ಟೆಲ್, ಕೇರ್ ಹೋಮ್, ಚಾರಿಟಿ ಅಂಗಡಿ, ಸಲಹಾ ಕೇಂದ್ರಗಳಲ್ಲಿ ದುಡಿಯುವ ಕನ್ನಡಿಗರು ಸಿಕ್ಕಾಗಲೆಲ್ಲ, ಪತ್ರ ಬರೆದಾಗಲೆಲ್ಲ, ಹೆಚ್ಚು ಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಇಲ್ಲಿರುವ ನಿಯಮ, ಹಣದ ಲೆಕ್ಕ ಎಲ್ಲ ಇಂಗ್ಲೆಂಡಿನದು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಬೇರೆಯದೇ ವ್ಯವಸ್ಥೆ ಇದೆ.

## ಮೊದಲು ಕೇಳುವ ಮಾತು

ಅಪ್ರೆಂಟಿಸ್ ಅಂದ್ರೆ ಸ್ಪ್ಯಾನರ್ ಹಿಡಿದು ಕಲಿಯೋ ಹುಡುಗ ಅಲ್ವಾ? ಮ್ಯಾನೇಜರ್‌ಗೂ ಅದಕ್ಕೂ ಏನು ಸಂಬಂಧ?

ಬಹಳ ಕಾಲ ಅರ್ಥ ಅದೇ ಆಗಿತ್ತು. 1563ರ ಇಂಗ್ಲಿಷ್ ಕಾನೂನಿನ ಪ್ರಕಾರ ಒಂದು ಕಸುಬು ಮಾಡಬೇಕಾದರೆ ಏಳು ವರ್ಷ ಒಬ್ಬ ಕಸುಬುದಾರನ ಕೈಕೆಳಗೆ ಇದ್ದು ಕಲಿಯಬೇಕಿತ್ತು. ಈಗಿನ ರೂಪ ಬಂದದ್ದು ಸರ್ಕಾರಕ್ಕಾಗಿ ಉದ್ಯಮಿ ಡಗ್ ರಿಚರ್ಡ್ ಬರೆದ 2012ರ ವರದಿಯ ನಂತರ. ಪ್ರತಿ ಉದ್ಯೋಗಕ್ಕೂ ಏನು ಗೊತ್ತಿರಬೇಕು, ಏನು ಮಾಡಲು ಬರಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಉದ್ಯೋಗದಾತರೇ ಗುಂಪು ಸೇರಿ ಬರೆದರು. ಅದಕ್ಕೆ ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ. ಇಟ್ಟಿಗೆ ಕಟ್ಟುವವರಿಗೆ ಒಂದು ಸ್ಟ್ಯಾಂಡರ್ಡ್ ಇದ್ದಂತೆ ತಂಡ ನಡೆಸುವವರಿಗೂ ಒಂದಿದೆ.

ಮೂಲ ವಿಚಾರ ಮಾತ್ರ ಹಳೆಯದೇ. ಕೆಲಸ ಬಿಟ್ಟು ಕಾಲೇಜಿಗೆ ಹೋಗುವುದಲ್ಲ, ಕೆಲಸದಲ್ಲಿದ್ದುಕೊಂಡೇ, ಸಂಬಳ ತೆಗೆದುಕೊಳ್ಳುತ್ತಲೇ ಕಲಿಯುವುದು. ಕೊನೆಯಲ್ಲಿ ಹೊರಗಿನವರು ಬಂದು ಪರೀಕ್ಷಿಸುತ್ತಾರೆ.

ನನಗೆ ನಲವತ್ತಾರು. ಈ ವಯಸ್ಸಲ್ಲಿ ಸೇರಬಹುದಾ? ಸಂಬಳ ಕಡಿಮೆ ಮಾಡ್ತಾರಾ?

ಸೇರಬಹುದು. ಕನಿಷ್ಠ 16 ಆಗಿರಬೇಕು, ಮೇಲಿನ ಮಿತಿ ಇಲ್ಲ. ಈಗಿರುವ ಹುದ್ದೆಯಲ್ಲೇ, ಈಗಿನ ಸಂಬಳದಲ್ಲೇ ಮುಂದುವರಿಯುತ್ತೀರಿ. ಅಪ್ರೆಂಟಿಸ್ ಎಂಬ ಹೆಸರು ಕೇಳಿ ಕೆಲವರಿಗೆ ಕಸಿವಿಸಿ ಆಗುತ್ತದೆ, ಹದಿನೈದು ವರ್ಷ ದುಡಿದವರನ್ನು ಮತ್ತೆ ಒಂದನೇ ಕ್ಲಾಸಿಗೆ ಕೂರಿಸಿದ ಹಾಗೆ. ಅಂಥವರಿಗೆ ನಾನು ‘ಮ್ಯಾನೇಜ್‌ಮೆಂಟ್ ಪ್ರೋಗ್ರಾಂ’ ಎಂದೇ ಹೇಳುತ್ತೇನೆ, ಕಾಗದದ ಮೇಲೆ ಏನೇ ಇರಲಿ.

ನೆನಪಿಡಬೇಕಾದ ಷರತ್ತು ಒಂದಿದೆ: ಕಲಿಯುವುದರಲ್ಲಿ ನಿಮಗೆ ಹೊಸದೇನಾದರೂ ಇರಬೇಕು. ಶುರುವಿನಲ್ಲೇ ನಿಮಗೆ ಈಗಾಗಲೇ ಏನು ಗೊತ್ತು ಎಂದು ಅಳೆಯುತ್ತಾರೆ. ಗೊತ್ತಿದ್ದಷ್ಟನ್ನು ಪಾಠದಿಂದ, ಬೆಲೆಯಿಂದ ಕಳೆಯಬೇಕು. ಎಂಬಿಎ ಮುಗಿಸಿದವರಿಗೆ ತಂಡದ ಮುಖ್ಯಸ್ಥರ ಕೋರ್ಸ್ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಅನುಮಾನ ಪಡಿ.

ನಮ್ಮ ಚಾರಿಟಿಯಲ್ಲಿ ಎಲ್ಲರೂ ಒಳ್ಳೆ ಮನಸ್ಸಿನವರು, ಕೆಲಸ ನಡೀತಿದೆ. ಇದೆಲ್ಲ ಯಾಕೆ ಬೇಕು?

ಚಾರಿಟಿಗಳಲ್ಲಿ ಮ್ಯಾನೇಜರ್ ಆಗುವ ದಾರಿ ಹೇಗಿರುತ್ತದೆ ನೋಡಿ. ಒಬ್ಬರು ಸಪೋರ್ಟ್ ವರ್ಕರ್ ಆಗಿ, ಅಂದರೆ ನಿವಾಸಿಗಳ ದಿನನಿತ್ಯದ ನೆರವಿಗೆ ನಿಲ್ಲುವವರಾಗಿ, ಚೆನ್ನಾಗಿ ದುಡಿಯುತ್ತಾರೆ. ನಿವಾಸಿಗಳಿಗೆ ಅವರೆಂದರೆ ಪ್ರೀತಿ. ಡೆಪ್ಯುಟಿ (ಉಪ ಮ್ಯಾನೇಜರ್) ಹುದ್ದೆ ಖಾಲಿಯಾಗುತ್ತದೆ, ಅವರನ್ನೇ ಕೂರಿಸುತ್ತಾರೆ. ಶುಕ್ರವಾರ ಪಕ್ಕದಲ್ಲಿ ಕೂತು ಊಟ ಮಾಡಿದ ಗೆಳತಿಯ ರಜೆ ಅರ್ಜಿಗೆ ಸೋಮವಾರ ಇವರೇ ಸಹಿ ಹಾಕಬೇಕು. ಆ ಗೆಳತಿ ಮೂರು ದಿನದಿಂದ ತಡವಾಗಿ ಬರುತ್ತಿದ್ದರೆ ಅದನ್ನು ಹೇಳುವುದೂ ಇವರ ಪಾಲಿಗೇ. ಹೇಗೆ ಹೇಳಬೇಕು ಎಂದು ಇವರಿಗೆ ಯಾರೂ ಕಲಿಸಿಲ್ಲ. ಬಜೆಟ್ ಹಾಳೆ ಓದುವುದನ್ನೂ ಕಲಿಸಿಲ್ಲ.

ಆಗ ಆಗುವುದು ಎರಡರಲ್ಲಿ ಒಂದು. ತಂಡದ ಕೆಲಸವನ್ನೆಲ್ಲ ತಾವೇ ಮೈಮೇಲೆ ಹಾಕಿಕೊಂಡು ಸೋತು ಹೋಗುತ್ತಾರೆ, ಇಲ್ಲವೇ ಹೇಳಬೇಕಾದ್ದನ್ನು ಹೇಳದೆ ಬಿಡುತ್ತಾ ತಂಡವೇ ಸಡಿಲವಾಗುತ್ತದೆ. ಎರಡರಲ್ಲೂ ಕೊನೆಗೆ ಪೆಟ್ಟು ಬೀಳುವುದು ಸಹಾಯ ಕೇಳಿ ಬಂದವರ ಮೇಲೆ. ಒಳ್ಳೆಯ ಮನಸ್ಸು ಇರುವವರಿಗೇ ಈ ಕಷ್ಟ ಜಾಸ್ತಿ, ಯಾರ ಮನಸ್ಸನ್ನೂ ನೋಯಿಸಲು ಅವರಿಗೆ ಇಷ್ಟವಿರುವುದಿಲ್ಲ.

ಚಾರಿಟಿ ಮ್ಯಾನೇಜರ್‌ಗೆ ಇನ್ನೂ ಒಂದಿಷ್ಟು ಹೊರೆ ಹೆಚ್ಚಿದೆ. ಸಂಬಳವಿಲ್ಲದ ಸ್ವಯಂಸೇವಕರನ್ನು ಮುನ್ನಡೆಸಬೇಕು. ಒಂದು ಉದ್ದೇಶಕ್ಕೆಂದು ಬಂದ ಅನುದಾನ ಇನ್ನೊಂದಕ್ಕೆ ಹರಿಯದಂತೆ ಕಾಯಬೇಕು. ಸಂಸ್ಥೆಯ ಹೊಣೆ ಹೊತ್ತ ಟ್ರಸ್ಟಿಗಳ ಮುಂದೆ ಲೆಕ್ಕ ಒಪ್ಪಿಸಬೇಕು. ಸ್ಟ್ಯಾಂಡರ್ಡ್‌ಗಳನ್ನು ಚಾರಿಟಿಗೆಂದೇ ಬರೆದಿಲ್ಲ. ಆದರೆ ಕಲಿಕೆ ನಿಮ್ಮ ಕೆಲಸದ ಜಾಗದಲ್ಲೇ ನಡೆಯುವುದರಿಂದ ಉದಾಹರಣೆಗಳೆಲ್ಲ ಅಲ್ಲಿಂದಲೇ ಬರುತ್ತವೆ. ಒಂದು ದಿನದ ವರ್ಕ್‌ಶಾಪಿನಲ್ಲಿ ಸಿಗದ್ದು ಇಲ್ಲಿ ಸಿಗುವುದು ಹಾಗೆ.

ಲೆವೆಲ್ 3, 5, 6, 7 ಅಂತಾರೆ. ಯಾರನ್ನು ಎಲ್ಲಿಗೆ ಹಾಕೋದು?

ಲೆವೆಲ್ 3 ಎಂದರೆ ಎ-ಲೆವೆಲ್‌ಗೆ, ಅಂದರೆ ಹೆಚ್ಚು ಕಮ್ಮಿ ನಮ್ಮ ಪಿಯುಸಿಗೆ, ಸಮ. ಇದು ಟೀಮ್ ಲೀಡರ್‌ಗಳಿಗೆ. ಲೆವೆಲ್ 5 ಆಪರೇಷನ್ಸ್ ಮ್ಯಾನೇಜರ್, ಅಂದರೆ ಒಂದು ವಿಭಾಗವನ್ನೋ ಕೇಂದ್ರವನ್ನೋ ನಡೆಸುವವರಿಗೆ. ಲೆವೆಲ್ 6 ಚಾರ್ಟರ್ಡ್ ಮ್ಯಾನೇಜರ್, ಜೊತೆಗೆ ಪದವಿಯೂ ಸಿಗುತ್ತದೆ, ಮೂರ್ನಾಲ್ಕು ವರ್ಷ ಹಿಡಿಯುತ್ತದೆ. ಲೆವೆಲ್ 7 ಹಿರಿಯ ನಾಯಕರಿಗೆ. ಅದರ ಕಥೆ ಮುಂದೆ ಬರುತ್ತದೆ.

ಎಲ್ಲರೂ ಮಾಡುವ ತಪ್ಪು ಎಂದರೆ ವ್ಯಕ್ತಿಯ ಓದನ್ನು ನೋಡಿ ಮಟ್ಟ ಆರಿಸುವುದು. ನೋಡಬೇಕಾದ್ದು ಅವರ ಕೈಯಲ್ಲಿರುವ ಕೆಲಸವನ್ನು. ಬಜೆಟ್ ಮೇಲೆ ಹಿಡಿತವೇ ಇಲ್ಲದವರನ್ನು ಲೆವೆಲ್ 5ಕ್ಕೆ ಹಾಕಿದರೆ ಅವರು ಬಜೆಟ್ ನಡೆಸಿದ ಪುರಾವೆಯನ್ನು ಎಲ್ಲಿಂದ ತರಬೇಕು? ಪದವೀಧರರಾದರೂ ಐದು ಜನರ ಮೊದಲ ತಂಡ ನಡೆಸುವವರಿಗೆ ಲೆವೆಲ್ 3 ಅವಮಾನವಲ್ಲ. ಯಾವ ಮಟ್ಟಕ್ಕೆ ಸರ್ಕಾರದ ಹಣ ಇನ್ನೂ ಇದೆ ಎಂಬುದನ್ನು ಸಹಿ ಹಾಕುವ ಮುನ್ನ ಖಚಿತ ಮಾಡಿಕೊಳ್ಳಿ. ಈ ನಿಯಮಗಳು ಸಾಮಾನ್ಯವಾಗಿ ಪ್ರತಿ ಆಗಸ್ಟ್‌ಗೆ ಹೊಸದಾಗಿ ಬರುತ್ತವೆ, ನಡುವೆಯೂ ಬದಲಾಗುವುದುಂಟು.

ಸ್ವಯಂಸೇವಕರನ್ನು, ಟ್ರಸ್ಟಿಗಳನ್ನು ಸೇರಿಸಬಹುದಾ?

ಆಗುವುದಿಲ್ಲ. ಅಪ್ರೆಂಟಿಸ್ ಸಂಬಳದ ನೌಕರರೇ ಆಗಿರಬೇಕು. ಆದರೆ ನಿಮ್ಮ ಅಪ್ರೆಂಟಿಸ್‌ಗೆ ಟ್ರಸ್ಟಿಯೊಬ್ಬರು ಮಾರ್ಗದರ್ಶಕರಾಗಿ ನಿಲ್ಲಲು ಯಾವ ಅಡ್ಡಿಯೂ ಇಲ್ಲ. ನಿವೃತ್ತ ಅಕೌಂಟೆಂಟ್ ಟ್ರಸ್ಟಿ ಇದ್ದರೆ ತಿಂಗಳಿಗೊಂದು ಗಂಟೆ ಬಜೆಟ್ ಓದಲು ಕಲಿಸಿ ಎಂದು ಕೇಳಿ. ಕೇಳಿದರೆ ಸಂತೋಷದಿಂದ ಬರುತ್ತಾರೆ, ಕೇಳುವವರೇ ಇರುವುದಿಲ್ಲ.

ನಾನು ಕೆಲಸದ ವೀಸಾದ ಮೇಲೆ ಬಂದವನು. ನನಗೆ ಅರ್ಹತೆ ಇದೆಯಾ?

ನಮ್ಮವರು ತಪ್ಪದೆ ಕೇಳುವ ಪ್ರಶ್ನೆ. ಇಲ್ಲಿ ಇರಲು, ದುಡಿಯಲು ಅನುಮತಿ ಇರಬೇಕು, ಆ ಅನುಮತಿ ಓದಿಗೆಂದು ಕೊಟ್ಟದ್ದಾಗಿರಬಾರದು, ಮತ್ತು ಶುರುವಾಗುವ ದಿನಕ್ಕೆ ಹಿಂದಿನ ಮೂರು ವರ್ಷ ಇಲ್ಲೇ ನೆಲೆಸಿರಬೇಕು. ಸಾಮಾನ್ಯ ನಿಯಮ ಇದು. ಕೆಲಸದ ಅರ್ಧದಷ್ಟಾದರೂ ಸಮಯ ಇಂಗ್ಲೆಂಡಿನಲ್ಲೇ ಕಳೆಯಬೇಕು. ವೀಸಾ ನಡುವೆ ಮುಗಿಯುವುದಾದರೆ ಅದನ್ನು ಮೊದಲೇ, ಪಾಠ ಮಾಡುವ ಹೊರಗಿನ ತರಬೇತಿ ಸಂಸ್ಥೆಯ ಮುಂದೆ ಇಡಿ. ಬಂದು ಎರಡು ವರ್ಷವಾಗಿದ್ದರೆ ಬೇಸರ ಬೇಡ; ಇನ್ನೊಂದು ವರ್ಷದಲ್ಲಿ ಏನೇನು ಜವಾಬ್ದಾರಿ ವಹಿಸಿಕೊಳ್ಳಬಹುದು ಎಂದು ಮ್ಯಾನೇಜರ್ ಜೊತೆ ಈಗಲೇ ಮಾತಾಡಿ ಇಟ್ಟುಕೊಳ್ಳಿ.

## ದುಡ್ಡಿನ ಮಾತು

ಲೆವಿ ಅಂದ್ರೆ ಏನು? ಚಾರಿಟಿಗೂ ಬೀಳುತ್ತಾ?

ಬೀಳುತ್ತದೆ. 2017ರ ಏಪ್ರಿಲ್‌ನಿಂದ, ವರ್ಷದ ಒಟ್ಟು ಸಂಬಳದ ಬಿಲ್ಲು 30 ಲಕ್ಷ ಪೌಂಡ್ ದಾಟಿದ ಪ್ರತಿ ಉದ್ಯೋಗದಾತರೂ ಅದರ ಶೇಕಡಾ 0.5ರಷ್ಟು ಅಪ್ರೆಂಟಿಸ್‌ಶಿಪ್ ಲೆವಿ ಕಟ್ಟುತ್ತಾರೆ. ಚಾರಿಟಿ ಎಂದು ವಿನಾಯಿತಿ ಇಲ್ಲ. 15,000 ಪೌಂಡ್ ರಿಯಾಯಿತಿ ಕಳೆಯಬೇಕು. ಸಂಬಳದ ಬಿಲ್ಲು 50 ಲಕ್ಷ ಪೌಂಡ್ ಇದ್ದರೆ ಶೇಕಡಾ 0.5 ಎಂದರೆ 25,000. ರಿಯಾಯಿತಿ ಕಳೆದು ವರ್ಷಕ್ಕೆ 10,000 ಪೌಂಡ್ ಕಟ್ಟಬೇಕು. ಒಂದೇ ನಿಯಂತ್ರಣದಲ್ಲಿರುವ ಎರಡು ಮೂರು ಚಾರಿಟಿಗಳಿದ್ದರೆ ಆ ಒಂದೇ ರಿಯಾಯಿತಿಯನ್ನು ಹಂಚಿಕೊಳ್ಳಬೇಕು.

ಕಟ್ಟಿದ ಹಣ ನಿಮ್ಮ ಆನ್‌ಲೈನ್ ಖಾತೆಯಲ್ಲಿ ತರಬೇತಿಗೆಂದು ಕೂರುತ್ತದೆ. ಅದರಿಂದ ತರಬೇತಿ ಮತ್ತು ಪರೀಕ್ಷೆಯ ಖರ್ಚು ಮಾತ್ರ ಕೊಡಬಹುದು. ಸಂಬಳ, ಪ್ರಯಾಣ, ಬದಲಿ ಸಿಬ್ಬಂದಿಯ ಕೂಲಿ ಯಾವುದಕ್ಕೂ ಮುಟ್ಟುವಂತಿಲ್ಲ. ಬಳಸದೆ ಬಿಟ್ಟರೆ ಗಡುವು ಮುಗಿದು ಸರ್ಕಾರಕ್ಕೆ ಹೋಗುತ್ತದೆ. ಶುರುವಾದಾಗ ಗಡುವು 24 ತಿಂಗಳು ಇತ್ತು. ಇವತ್ತು ನಿಮ್ಮ ಖಾತೆಯಲ್ಲಿ ಕಾಣುವ ತಾರೀಕನ್ನೇ ನಂಬಿ. ಎಷ್ಟೋ ಚಾರಿಟಿಗಳಲ್ಲಿ ಆ ಖಾತೆಯ ಪಾಸ್‌ವರ್ಡ್ ಪೇರೋಲ್ ನೋಡುವವರ ಬಳಿ ಮಾತ್ರ ಇರುತ್ತದೆ, ತರಬೇತಿ ನೋಡುವವರಿಗೆ ಖಾತೆ ಇರುವುದೇ ಗೊತ್ತಿರುವುದಿಲ್ಲ. ಇವತ್ತೇ ಹೋಗಿ ವಿಚಾರಿಸಿ.

ನಮ್ಮದು ಹನ್ನೆರಡು ಜನರ ಸಂಸ್ಥೆ. ಲೆವಿ ಕಟ್ಟೋ ಮಟ್ಟಕ್ಕೆ ಇಲ್ಲ. ನಮಗೆ ದಾರಿ ಇದೆಯಾ?

ಎರಡು ದಾರಿ ಇವೆ. ಮೊದಲನೆಯದು ಪಾಲು ಹಂಚಿಕೆ. 2019ರ ಏಪ್ರಿಲ್‌ನಿಂದ ಸಣ್ಣ ಉದ್ಯೋಗದಾತರ ಪಾಲು ಶೇಕಡಾ 5, ಉಳಿದ 95 ಸರ್ಕಾರದ್ದು. ಲೆವೆಲ್ 5ಕ್ಕೆ 7,000 ಪೌಂಡ್ ಬೆಲೆ ಒಪ್ಪಿಕೊಂಡಿರೆಂದರೆ ನಿಮ್ಮ ಕೈಯಿಂದ ಹೋಗುವುದು 350. ಲೆವಿ ಕಟ್ಟದ ಸಂಸ್ಥೆಯಲ್ಲಿ 22 ತುಂಬದವರಿಗೆ 2024ರ ಏಪ್ರಿಲ್‌ನಿಂದ ಆ ಪಾಲೂ ಇಲ್ಲ, ಆದರೆ ಮ್ಯಾನೇಜರ್ ಹುದ್ದೆಗೆ ಆ ವಯಸ್ಸಿನವರು ಅಪರೂಪ.

ಎರಡನೆಯದು ಲೆವಿ ವರ್ಗಾವಣೆ. ದೊಡ್ಡ ಕಂಪನಿಗಳು, ಕೌನ್ಸಿಲ್‌ಗಳು (ಸ್ಥಳೀಯ ಆಡಳಿತಗಳು) ತಮ್ಮ ಲೆವಿಯನ್ನು ಪೂರ್ತಿ ಬಳಸಿಕೊಳ್ಳಲಾಗದೆ ಕಳೆದುಕೊಳ್ಳುವುದುಂಟು. ಅದರಲ್ಲೊಂದು ಪಾಲನ್ನು ಬೇರೆ ಉದ್ಯೋಗದಾತರಿಗೆ ಕೊಡಬಹುದು: 2018ರಲ್ಲಿ ಶೇಕಡಾ 10 ಇತ್ತು, 2019ರಲ್ಲಿ 25 ಆಯಿತು, 2024ರಲ್ಲಿ 50ಕ್ಕೆ ಏರಿತು. ವರ್ಗಾವಣೆ ಸಿಕ್ಕರೆ ಆ ಸ್ಟ್ಯಾಂಡರ್ಡ್‌ಗೆ ಸರ್ಕಾರ ಇಟ್ಟ ಗರಿಷ್ಠ ಬೆಲೆಯವರೆಗೆ ತರಬೇತಿಯ ಪೂರ್ತಿ ಖರ್ಚು ಅವರದೇ, ನಿಮ್ಮ 350 ಕೂಡ ಉಳಿಯುತ್ತದೆ. ನಿಮಗೆ ವರ್ಷಕ್ಕೊಮ್ಮೆ ದೇಣಿಗೆ ಕೊಡುವ, ಸಿಬ್ಬಂದಿಯನ್ನು ಸ್ವಯಂಸೇವೆಗೆ ಕಳಿಸುವ ಕಂಪನಿ ಇದ್ದರೆ ಅವರ ಎಚ್‌ಆರ್‌ಗೆ ಒಂದು ಪುಟದ ಪತ್ರ ಬರೆಯಿರಿ. ‘ಸಹಾಯ ಮಾಡಿ’ ಎಂದು ಅಳಲು ತೋಡಿಕೊಳ್ಳಬೇಡಿ. ಯಾರು, ಯಾವ ಹುದ್ದೆ, ಯಾವ ಸ್ಟ್ಯಾಂಡರ್ಡ್, ಎಷ್ಟು ಹಣ, ಯಾವ ತಿಂಗಳು ಶುರು ಎಂಬುದನ್ನು ಬರೆಯಿರಿ. ಒಪ್ಪುವುದಿದ್ದರೆ ಅವರಿಗೆ ಕೆಲಸ ಸುಲಭವಾಗಬೇಕು. ಒಂದು ಮಾತು: ತರಬೇತಿ ಶುರುವಾಗುವ ಮೊದಲೇ ವರ್ಗಾವಣೆ ಒಪ್ಪಿಗೆಯಾಗಿರಬೇಕು.

ದಾನಿಗಳು ಬಡವರಿಗೆಂದು ಕೊಟ್ಟ ದುಡ್ಡು. ಅದನ್ನು ಮ್ಯಾನೇಜರ್ ತರಬೇತಿಗೆ ಹಾಕೋದು ಸರಿಯಾ?

ಪ್ರಾಮಾಣಿಕವಾದ ಪ್ರಶ್ನೆ, ಇದನ್ನು ಕೇಳುವ ಟ್ರಸ್ಟಿಗಳ ಮೇಲೆ ನನಗೆ ಗೌರವವಿದೆ. ಒಂದು ಉದ್ದೇಶಕ್ಕೆಂದು ಕಟ್ಟಿ ಕೊಟ್ಟ ನಿಧಿಯನ್ನು ಮುಟ್ಟುವಂತಿಲ್ಲ, ಅದು ಕಾನೂನು. ಉಳಿದ ನಿಧಿಯ ವಿಷಯದಲ್ಲಿ ನನ್ನ ಉತ್ತರ ಹೀಗೆ: ಮ್ಯಾನೇಜರ್ ಸರಿಯಿಲ್ಲದೆ ಒಂದೇ ವರ್ಷದಲ್ಲಿ ಮೂವರು ಬಿಟ್ಟುಹೋದ ಹಾಸ್ಟೆಲ್‌ನಲ್ಲಿ ಏಜೆನ್ಸಿಯಿಂದ ತರಿಸುವ ತಾತ್ಕಾಲಿಕ ಸಿಬ್ಬಂದಿಗೆ ಎಷ್ಟು ಸುರಿಯಬೇಕಾಗುತ್ತದೆ ಎಂದು ನಿಮ್ಮ ಖಜಾಂಚಿಯನ್ನೇ ಕೇಳಿ. ಅದೂ ದಾನಿಗಳ ದುಡ್ಡೇ. ಪ್ರತಿ ವಾರ ಮುಖ ಬದಲಾಗುವ ಕಡೆ ನಿವಾಸಿಗಳು ಯಾರ ಹತ್ತಿರವೂ ಮನಸ್ಸು ಬಿಚ್ಚುವುದಿಲ್ಲ, ಆ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ.

ಇಷ್ಟೆಲ್ಲ ಕಲಿಸಿದ ಮೇಲೆ ಬಿಟ್ಟು ಹೋದರೆ? ದುಡ್ಡು ವಾಪಸ್ ಕೇಳಬಹುದಾ?

ಕೇಳುವಂತಿಲ್ಲ. ತರಬೇತಿಯ ಖರ್ಚನ್ನು ಅಪ್ರೆಂಟಿಸ್‌ನಿಂದ ಯಾವ ರೂಪದಲ್ಲೂ ವಸೂಲಿ ಮಾಡಬಾರದು ಎಂದು ನಿಯಮ ಸ್ಪಷ್ಟವಾಗಿದೆ. ಬಾಂಡ್ ಬರೆಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಕಂಡವರಿಗೆ ಇದು ವಿಚಿತ್ರ ಅನಿಸಬಹುದು.

ಕೆಲವರು ಹೋಗುತ್ತಾರೆ, ನಿಜ. ಕಲಿತ ಮೇಲೂ ಮಾಡುವ ಕೆಲಸ ಬದಲಾಗದೆ, ಸಂಬಳವೂ ಬದಲಾಗದೆ, ಮೇಲಿನ ಹುದ್ದೆ ಎಂದು ಖಾಲಿಯಾಗಬಹುದು ಎಂಬುದನ್ನೂ ಯಾರೂ ಹೇಳದೆ ಇದ್ದಾಗ ಹೋಗುತ್ತಾರೆ. ಮುಗಿಯುವ ಮೂರು ತಿಂಗಳು ಮೊದಲೇ ಕೂತು ಮುಂದೇನು ಎಂದು ಮಾತಾಡಿ.

## ಸಮಯ ಮತ್ತು ಕೆಲಸ

ವಾರಕ್ಕೆ ಆರು ಗಂಟೆ ಅಂತಾರೆ. ರೋಟಾ (ಶಿಫ್ಟ್ ಪಟ್ಟಿ) ತುಂಬೋದೇ ಕಷ್ಟ, ಆ ಆರು ಗಂಟೆ ಎಲ್ಲಿಂದ ತರೋದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕೆಲಸದ ಅವಧಿಯೊಳಗೇ, ಸಂಬಳ ಸಹಿತ, ದಿನನಿತ್ಯದ ಕೆಲಸದಿಂದ ಬಿಡಿಸಿ ಕಲಿಕೆಗೆ ಸಮಯ ಕೊಡಬೇಕು. ಅದಕ್ಕೆ ‘ಆಫ್ ದ ಜಾಬ್’ ಎನ್ನುತ್ತಾರೆ. ಮೊದಲು ಕೆಲಸದ ಶೇಕಡಾ 20 ಎಂದಿತ್ತು. 2022ರ ಆಗಸ್ಟ್‌ನಿಂದ ಪೂರ್ಣಾವಧಿ ನೌಕರರಿಗೆ ವಾರಕ್ಕೆ ಸರಾಸರಿ ಆರು ಗಂಟೆ ಆಯಿತು. 2025ರ ಆಗಸ್ಟ್‌ನಿಂದ ಶುರುವಾದವರಿಗೆ ಪ್ರತಿ ಸ್ಟ್ಯಾಂಡರ್ಡ್‌ಗೂ ಇಷ್ಟು ಗಂಟೆ ಎಂದು ನಿಗದಿ ಮಾಡಿದ್ದಾರೆ. ಕನಿಷ್ಠ ಅವಧಿಯೂ 12 ತಿಂಗಳಿಂದ 8ಕ್ಕೆ ಇಳಿದಿದೆ.

ಮೊದಲ ಬ್ಯಾಚಿನಲ್ಲಿ ನಾನೇ ಎಡವಿದೆ. ಬುಧವಾರ ಮಧ್ಯಾಹ್ನಗಳನ್ನು ಗುರುತು ಹಾಕಿ ಚಂದದ ಪಟ್ಟಿ ಮಾಡಿ ಎಲ್ಲರಿಗೂ ಕಳಿಸಿದ್ದೆ. ಹಾಸ್ಟೆಲ್ ಎಂದರೆ ಹಗಲು ರಾತ್ರಿ ತೆರೆದಿರುವ ಜಾಗ. ಬುಧವಾರ ಬೆಳಿಗ್ಗೆ ಯಾರಾದರೂ ಜ್ವರ ಎಂದು ಫೋನ್ ಮಾಡಿದರೆ ಡೆಪ್ಯುಟಿಯೇ ಶಿಫ್ಟಿಗೆ ಇಳಿಯಬೇಕು. ಐದನೇ ತಿಂಗಳ ಹೊತ್ತಿಗೆ ಇಬ್ಬರು ರಾತ್ರಿ ಹನ್ನೊಂದಕ್ಕೆ ಮಕ್ಕಳು ಮಲಗಿದ ಮೇಲೆ ಅಡುಗೆಮನೆ ಟೇಬಲ್ ಮೇಲೆ ಅಸೈನ್‌ಮೆಂಟ್ ಬರೆಯುತ್ತಿದ್ದರು. ಹೇಗಿದೆ ಎಂದು ಕೇಳಿದಾಗಲೆಲ್ಲ ‘ಚೆನ್ನಾಗಿದೆ’ ಎಂದಿದ್ದರು. ಅವರಲ್ಲಿ ಒಬ್ಬರು ನಾಲ್ಕು ಸಾಲಿನ ಇಮೇಲ್ ಕಳಿಸಿ ಹೊರಬಿದ್ದರು. ಕೊನೆಯ ಸಾಲಿನಲ್ಲಿ ಕ್ಷಮೆ ಕೇಳಿದ್ದರು. ಕ್ಷಮೆ ಕೇಳಬೇಕಾದ್ದು ನಾನು.

ಅಂದಿನಿಂದ ಲೆಕ್ಕವನ್ನು ಹೀಗೆ ಮಾಡುತ್ತೇನೆ. ವಾರಕ್ಕೆ 6 ಗಂಟೆ, ವರ್ಷಕ್ಕೆ 46 ವಾರ ಎಂದಿಟ್ಟುಕೊಂಡರೆ 276 ಗಂಟೆ. ಬದಲಿ ಸಿಬ್ಬಂದಿಗೆ ಗಂಟೆಗೆ 13 ಪೌಂಡ್ ಎಂದುಕೊಂಡರೆ 3,588 ಪೌಂಡ್. ಶುಲ್ಕದ 350ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ನಿಜವಾದ ಖರ್ಚು ಇಲ್ಲಿದೆ, ಇದಕ್ಕೆ ಲೆವಿಯಿಂದ ಬಿಡಿಗಾಸೂ ಬರುವುದಿಲ್ಲ. ಈ ಸಾಲನ್ನು ಬಜೆಟ್ಟಿನಲ್ಲಿ ಬರೆಯದೆ ಯಾರನ್ನೂ ಸೇರಿಸಬೇಡಿ. ಎಲ್ಲ ಶಿಫ್ಟಿಗೂ ಬದಲಿ ಬೇಕೆಂದಿಲ್ಲ. ಆಫೀಸಿನ ಕೆಲಸದವರಿಗೆ ಕೆಲವು ಮೀಟಿಂಗ್ ಬಿಡಿಸಿದರೆ ಸಾಕಾಗಬಹುದು. ಆದರೆ ಯಾವ ಮೀಟಿಂಗ್ ಎಂದು ಹೆಸರು ಹೇಳಿ ಬಿಡಿಸಬೇಕು.

ಆ ಗಂಟೆಗಳಲ್ಲಿ ಏನೇನು ಲೆಕ್ಕಕ್ಕೆ ಬರುತ್ತೆ?

ತರಗತಿ, ವೆಬಿನಾರ್ ಮಾತ್ರವಲ್ಲ. ಬೇರೆ ವಿಭಾಗದ ಮ್ಯಾನೇಜರ್ ಜೊತೆ ಒಂದು ದಿನ ಇದ್ದು ನೋಡುವುದು, ಮಾರ್ಗದರ್ಶಕರ ಜೊತೆ ಮಾತು, ಅಸೈನ್‌ಮೆಂಟ್ ಬರೆಯುವುದು, ಕೆಲಸದಲ್ಲಿ ಹೊಸದೊಂದನ್ನು ಮೊದಲ ಸಲ ಕಲಿತು ಮಾಡುವುದು ಎಲ್ಲ ಸೇರುತ್ತವೆ. ಈಗಾಗಲೇ ಬರುವ ಕೆಲಸವನ್ನು ಮತ್ತೆ ಮಾಡುವುದು ಸೇರುವುದಿಲ್ಲ. ಸ್ಟ್ಯಾಂಡರ್ಡ್‌ಗೆ ಸಂಬಂಧವಿಲ್ಲದ ಅಗ್ನಿ ಸುರಕ್ಷತೆಯ ಆನ್‌ಲೈನ್ ಕ್ಲಿಕ್ಕುಗಳೂ ಸೇರುವುದಿಲ್ಲ.

ಲೈನ್ ಮ್ಯಾನೇಜರ್ (ನೇರ ಮೇಲಧಿಕಾರಿ) ಏನು ಮಾಡಬೇಕು? ತರಬೇತಿ ಕೊಡೋದಕ್ಕೆ ಬೇರೆಯವರಿದ್ದಾರಲ್ಲ?

ಹೊರಗಿನ ತರಬೇತುದಾರರು ಮಾದರಿಗಳನ್ನು ಕಲಿಸುತ್ತಾರೆ. ಅವನ್ನು ಪ್ರಯೋಗ ಮಾಡಲು ಜಾಗ ಕೊಡುವವರು ನೀವು. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ, ರೋಟಾ ವಿಷಯ ಎತ್ತದೆ, ಕಲಿಕೆಯ ಬಗ್ಗೆ ಮಾತ್ರ ಕೂರಬೇಕು. ಸುಮಾರು ಮೂರು ತಿಂಗಳಿಗೊಮ್ಮೆ ತರಬೇತಿ ಸಂಸ್ಥೆಯೂ ಸೇರಿ ಮೂವರ ಪರಿಶೀಲನೆ ಇರುತ್ತದೆ. ಆ ಸಭೆಗೆ ಬರದ ಲೈನ್ ಮ್ಯಾನೇಜರ್ ಇದ್ದರೆ ಆ ಅಪ್ರೆಂಟಿಸ್‌ಶಿಪ್ ಕುಂಟುತ್ತಿದೆ ಎಂದೇ ನಾನು ಭಾವಿಸುತ್ತೇನೆ.

ಮತ್ತೆ, ನಿಜವಾದ ಕೆಲಸ ಕೊಡಬೇಕು. ಒಬ್ಬ ಡೆಪ್ಯುಟಿಗೆ ಅವರ ಮ್ಯಾನೇಜರ್ ಟ್ರಸ್ಟಿಗಳ ಸಭೆಯಲ್ಲಿ ಮಂಡಿಸಲು ಒಂದು ವಿಷಯ ಕೊಟ್ಟರು: ಸಂಜೆಯ ಡ್ರಾಪ್-ಇನ್ (ಮೊದಲೇ ತಿಳಿಸದೆ ಬಂದು ನೆರವು ಕೇಳುವ) ಸಮಯವನ್ನು ಒಂದು ಗಂಟೆ ವಿಸ್ತರಿಸುವುದು. ಮೊದಲ ಕರಡು ನಾಲ್ಕು ಪುಟ ಇತ್ತು. ಮೂರು ಸಲ ತಿದ್ದಿ ಒಂದು ಪುಟಕ್ಕೆ ಇಳಿಯಿತು. ಸಭೆಯಲ್ಲಿ ಖಜಾಂಚಿ ಕನ್ನಡಕ ತೆಗೆದು ಕೇಳಿದರು, “ಎರಡನೇ ವರ್ಷಕ್ಕೆ ದುಡ್ಡು ಎಲ್ಲಿಂದ?” ಡೆಪ್ಯುಟಿ ತಡವರಿಸಿದರು. ಕೈಯಲ್ಲಿದ್ದ ಕಾಗದ ಸಣ್ಣಗೆ ನಡುಗುತ್ತಿತ್ತು. ಪಕ್ಕದಲ್ಲೇ ಕೂತಿದ್ದ ಮ್ಯಾನೇಜರ್‌ಗೆ ಉತ್ತರ ಗೊತ್ತಿತ್ತು, ಆದರೂ ಬಾಯಿ ತೆರೆಯಲಿಲ್ಲ. ಕೊನೆಗೆ ಡೆಪ್ಯುಟಿ ಹೇಳಿದರು: “ಸದ್ಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಶುಕ್ರವಾರದೊಳಗೆ ಲೆಕ್ಕ ಹಾಕಿ ಕಳಿಸುತ್ತೇನೆ.” ಗುರುವಾರವೇ ಕಳಿಸಿದರು. ಬಾಯಿ ತೆರೆಯದೆ ಕೂತ ಆ ಮ್ಯಾನೇಜರ್ ಅಂದು ಮಾಡಿದ್ದು ದೊಡ್ಡ ಪಾಠ.

ತರಬೇತಿ ಸಂಸ್ಥೆಯನ್ನು ಆರಿಸೋದು ಹೇಗೆ? ಎಲ್ಲರ ಬ್ರೋಷರ್ ಒಂದೇ ಥರ ಇದೆ.

ಸರ್ಕಾರದ ನೋಂದಣಿಯಲ್ಲಿರುವ ಸಂಸ್ಥೆಯೇ ಆಗಬೇಕು. ಶಿಕ್ಷಣ, ತರಬೇತಿಯ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನ ತಪಾಸಣಾ ವರದಿ ಸಾರ್ವಜನಿಕವಾಗಿದೆ, ಓದಿ. ಎಷ್ಟು ಜನ ಸೇರಿ ಎಷ್ಟು ಜನ ಮುಗಿಸಿದರು ಎಂಬ ಅಂಕಿಯೂ ಸಿಗುತ್ತದೆ. ಆಮೇಲೆ ಮಾರಾಟಕ್ಕೆ ಬಂದವರನ್ನು ಬಿಟ್ಟು ಪಾಠ ಮಾಡುವವರನ್ನೇ ಮಾತಾಡಿಸಿ. ಸ್ವಯಂಸೇವಕರ ತಂಡ ನಡೆಸಿದ ಅನುಭವ ಅವರಲ್ಲಿ ಯಾರಿಗಾದರೂ ಇದೆಯೇ? ತರಬೇತುದಾರರು ನಡುವೆ ಬದಲಾದರೆ ಏನು ಮಾಡುತ್ತೀರಿ? ಶಿಫ್ಟಿನಿಂದಾಗಿ ತರಗತಿ ತಪ್ಪಿದವರಿಗೆ ಇನ್ನೊಂದು ದಿನ ಇದೆಯೇ?

ಹಣ ಹೇಗೆ ಹೋಗುತ್ತದೆ ಎಂಬುದೂ ತಿಳಿದಿರಲಿ. ಒಪ್ಪಿದ ಬೆಲೆಯ ಶೇಕಡಾ 80 ತಿಂಗಳು ತಿಂಗಳು ಹರಿಯುತ್ತದೆ, 20 ಮುಗಿಯುವವರೆಗೆ ತಡೆದಿರುತ್ತದೆ. 7,000 ಪೌಂಡಿನ, 14 ತಿಂಗಳ ತರಬೇತಿ ಎಂದರೆ ತಿಂಗಳಿಗೆ 400, ಕೊನೆಗೆ 1,400. ಪಾಠ ಸರಿಯಿಲ್ಲದಿದ್ದರೆ ಸುಮ್ಮನಿರಬೇಡಿ, ಪ್ರತಿ ತಿಂಗಳೂ ಹಣ ಹೋಗುತ್ತಿರುತ್ತದೆ.

ಇಂಗ್ಲಿಷ್‌ನಲ್ಲಿ ಮಾತಾಡ್ತೀನಿ, ಬರೆಯೋಕೆ ಭಯ. ಗಣಿತ ಪರೀಕ್ಷೆ ಬೇರೆ ಇದೆಯಂತೆ?

2025ರ ಫೆಬ್ರವರಿಯಿಂದ, ಶುರುವಾಗುವಾಗ 19 ತುಂಬಿದವರಿಗೆ ಇಂಗ್ಲಿಷ್, ಗಣಿತದ ಪ್ರತ್ಯೇಕ ಅರ್ಹತೆ ಕಡ್ಡಾಯವಲ್ಲ. ಬೇಕೋ ಬೇಡವೋ ಎಂದು ಉದ್ಯೋಗದಾತರು ತೀರ್ಮಾನಿಸಬಹುದು. ಬರವಣಿಗೆಯ ಭಯಕ್ಕೆ ಒಂದು ಉಪಾಯ: ಮೊದಲು ಕನ್ನಡದಲ್ಲಿ ಯೋಚಿಸಿ, ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ಏನಾಯಿತು, ನಾನೇನು ಮಾಡಿದೆ, ಮತ್ತೆ ಹಾಗಾದರೆ ಏನು ಬೇರೆ ಮಾಡುತ್ತೇನೆ. ಆಮೇಲೆ ಸರಳ ಇಂಗ್ಲಿಷಿಗೆ ಇಳಿಸಿ. ಪರೀಕ್ಷಕರಿಗೆ ಬೇಕಿರುವುದು ಅಲಂಕಾರದ ಭಾಷೆಯಲ್ಲ. ‘ನಾನು ಅವರ ಮಾತನ್ನು ನಡುವೆ ತುಂಡರಿಸಿದೆ, ಅವರು ಮುಂದೆ ಮಾತಾಡಲಿಲ್ಲ’ ಎಂಬ ಒಂದು ಸಾಲು ಎರಡು ಪುಟದ ಸಿದ್ಧಾಂತಕ್ಕಿಂತ ತೂಕದ್ದು.

## ಸ್ವಲ್ಪ ಆಳದ ಪ್ರಶ್ನೆಗಳು

ಕೊನೆಯ ಪರೀಕ್ಷೆ ಹೇಗಿರುತ್ತೆ?

ಲೆವೆಲ್ 3, 5ರಲ್ಲಿ ಸಾಮಾನ್ಯವಾಗಿ ಒಂದು ಪ್ರೆಸೆಂಟೇಷನ್, ಅದರ ಮೇಲೆ ಪ್ರಶ್ನೆಗಳು, ಮತ್ತೆ ಪೋರ್ಟ್‌ಫೋಲಿಯೋ (ನೀವು ಮಾಡಿದ ಕೆಲಸದ ಪುರಾವೆಗಳ ಕಡತ) ಆಧಾರದ ಮೇಲೆ ಸಂಭಾಷಣೆ. ಅದಕ್ಕೆ ಮೊದಲು ‘ಗೇಟ್‌ವೇ’ ಎಂಬ ಹಂತವಿದೆ: ಸಿದ್ಧರಾಗಿದ್ದಾರೆ ಎಂದು ಉದ್ಯೋಗದಾತರು ಒಪ್ಪಬೇಕು. ಸಂಕೋಚಕ್ಕೆ ಬಿದ್ದು ಒಪ್ಪಬೇಡಿ. ಪೋರ್ಟ್‌ಫೋಲಿಯೋವನ್ನು ಕೊನೆಯ ತಿಂಗಳಿಗೆ ಉಳಿಸಿಕೊಂಡವರು ಒದ್ದಾಡುತ್ತಾರೆ. ಮೊದಲ ತಿಂಗಳಿಂದಲೇ ಸಭೆಯ ಟಿಪ್ಪಣಿ, ಇಮೇಲ್, ಬಜೆಟ್ ಹಾಳೆಗಳನ್ನು ಒಂದು ಫೋಲ್ಡರಿಗೆ ಹಾಕುತ್ತಾ ಹೋಗಿ. ನಿವಾಸಿಗಳ, ಫಲಾನುಭವಿಗಳ ಹೆಸರು, ಗುರುತುಗಳನ್ನು ಅಳಿಸಿಯೇ ಹಾಕಬೇಕು. ಇದನ್ನು ಮರೆತರೆ ಅವರ ನಂಬಿಕೆಗೆ ದ್ರೋಹ ಮಾಡಿದಂತೆ.

ನನ್ನ ಹುದ್ದೆಗೆ ಅನುದಾನ ಮಾರ್ಚ್‌ಗೆ ಮುಗಿಯುತ್ತೆ. ಮಧ್ಯದಲ್ಲಿ ಕೆಲಸ ಹೋದರೆ?

ಶುರುವಿನಲ್ಲೇ ಉದ್ಯೋಗದ ಒಪ್ಪಂದ ಪರೀಕ್ಷೆ ಮುಗಿಯುವವರೆಗೆ ಸಾಕಾಗುವಷ್ಟು ಇರಬೇಕು ಎಂಬ ನಿಯಮವಿದೆ. ಒಂದೊಂದೇ ವರ್ಷದ ಅನುದಾನದ ಮೇಲೆ ನಡೆಯುವ ಯೋಜನೆಯಲ್ಲಿ ಇದು ದೊಡ್ಡ ತೊಡಕು. ಆಮೇಲೆ ಹುದ್ದೆಯೇ ರದ್ದಾದರೆ, ತರಬೇತಿಯ ಮುಕ್ಕಾಲು ಪಾಲು ಮುಗಿದಿದ್ದವರು ಸರ್ಕಾರದ ಖರ್ಚಿನಲ್ಲೇ ಪೂರ್ತಿ ಮಾಡಬಹುದು. ಅಷ್ಟು ಮುಗಿಯದವರು ಇನ್ನೊಬ್ಬ ಉದ್ಯೋಗದಾತರನ್ನು ಹುಡುಕಿಕೊಂಡು ಅಲ್ಲಿ ಮುಂದುವರಿಸಬೇಕು. ಹುಡುಕಲು ತರಬೇತಿ ಸಂಸ್ಥೆ ನೆರವಾಗಬೇಕು.

ಹೆರಿಗೆ ರಜೆ, ಕಾಯಿಲೆ ಬಂದರೆ ಎಲ್ಲ ವ್ಯರ್ಥವಾ?

ಇಲ್ಲ. ವಿರಾಮ ತೆಗೆದುಕೊಳ್ಳಬಹುದು, ಆ ಅವಧಿಯಲ್ಲಿ ಹಣದ ಹರಿವೂ ನಿಲ್ಲುತ್ತದೆ, ಮುಗಿಯುವ ದಿನ ಮುಂದಕ್ಕೆ ಹೋಗುತ್ತದೆ. ತರಬೇತಿ ಸಂಸ್ಥೆಗೆ ತಕ್ಷಣ ತಿಳಿಸಿ, ಅಷ್ಟೇ.

ಮುಂದಿನ ಮುಖ್ಯಸ್ಥರನ್ನು ಬೆಳೆಸಬೇಕು. ಲೆವೆಲ್ 7 ಸಿಗುತ್ತಾ?

2026ರ ಜನವರಿಯಿಂದ ಶುರುವಾಗುವ ಲೆವೆಲ್ 7ಕ್ಕೆ ಸರ್ಕಾರದ ಹಣ ಬಹುಪಾಲು 16ರಿಂದ 21 ವಯಸ್ಸಿನವರಿಗೆ ಸೀಮಿತ. ಅಂದರೆ ಹಿರಿಯ ನಾಯಕರಿಗೆ ಆ ಬಾಗಿಲು ಮುಚ್ಚಿದ ಹಾಗೆ. ಎಂಬಿಎಗೆ ಈ ಹಣ ನಿಂತದ್ದು ಇನ್ನೂ ಮೊದಲೇ, 2021ರಲ್ಲಿ.

ನನಗೆ ಬೇಸರವಾಯಿತು, ನಿಜ. ಆದರೆ ಮುಖ್ಯಸ್ಥರು ಬೆಳೆಯಲು ಬೇಕಾದ ಬಹಳಷ್ಟು ಅಪ್ರೆಂಟಿಸ್‌ಶಿಪ್‌ನ ಆಚೆಗೂ ಇದೆ. ಮತ್ತೊಂದು ಸಣ್ಣ ಚಾರಿಟಿಯ ಟ್ರಸ್ಟಿಯಾಗಿ ಸೇರಿಕೊಳ್ಳಿ ಎಂದು ನಿಮ್ಮ ಹಿರಿಯ ಮ್ಯಾನೇಜರ್‌ಗೆ ಹೇಳಿ. ಚಾರಿಟಿಗಳ ಮೇಲ್ವಿಚಾರಣೆ ನೋಡುವ ಚಾರಿಟಿ ಕಮಿಷನ್‌ನ ನೋಂದಣಿಯಲ್ಲಿ 1,70,000ಕ್ಕೂ ಹೆಚ್ಚು ಸಂಸ್ಥೆಗಳಿವೆ, ಬಹುಪಾಲು ಸಣ್ಣವು, ಟ್ರಸ್ಟಿಗಳಿಗಾಗಿ ಹುಡುಕುವಂಥವು ಬಹಳ. ಮೇಜಿನ ಆಚೆ ಬದಿಯಲ್ಲಿ ಕೂತು ಒಂದು ವರ್ಷ ಲೆಕ್ಕಪತ್ರ ಓದಿದವರು ತಮ್ಮ ಸಂಸ್ಥೆಯ ಟ್ರಸ್ಟಿಗಳ ಮುಂದೆ ಬೇರೆಯದೇ ರೀತಿಯಲ್ಲಿ ನಿಲ್ಲುತ್ತಾರೆ. ಮುಖ್ಯಸ್ಥರು ರಾಜೀನಾಮೆ ಕೊಟ್ಟ ದಿನ ಉತ್ತರಾಧಿಕಾರಿಯನ್ನು ಹುಡುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಲೆವೆಲ್ 3, 5ರಲ್ಲಿ ಇವತ್ತು ಇರುವವರಿಂದಲೇ ಆ ಬಾವಿ ತೋಡುವುದು ಶುರುವಾಗಬೇಕು.

ಇದರಿಂದ ಉಪಯೋಗ ಆಯ್ತಾ ಇಲ್ವಾ ಅಂತ ತಿಳಿಯೋದು ಹೇಗೆ? ಟ್ರಸ್ಟಿಗಳು ಕೇಳ್ತಾರೆ.

ಸರ್ಟಿಫಿಕೇಟ್ ಎಣಿಸಿ ತೋರಿಸಬೇಡಿ. ಶುರುವಾಗುವ ಮೊದಲೇ ಎರಡು ಮೂರು ಸಣ್ಣ ಸಂಗತಿಗಳನ್ನು ಬರೆದಿಡಿ. ನನಗೆ ಇಷ್ಟವಾದ ಅಳತೆ ಇದು: ಡೆಪ್ಯುಟಿ ಒಂದು ವಾರದಲ್ಲಿ ‘ಏನು ಮಾಡಲಿ?’ ಎಂದು ಮ್ಯಾನೇಜರ್‌ಗೆ ಎಷ್ಟು ಸಲ ಫೋನ್ ಮಾಡುತ್ತಾರೆ? ಆರು ತಿಂಗಳ ನಂತರ ಮತ್ತೆ ಎಣಿಸಿ. ಫೋನ್ ಬಂದರೂ ‘ಹೀಗೆ ಮಾಡಿದೆ, ನಿಮಗೆ ತಿಳಿದಿರಲಿ’ ಎಂದು ಶುರುವಾದರೆ ಏನೋ ಬದಲಾಗಿದೆ. ತಂಡದ ಸದಸ್ಯರ ಜೊತೆ ತಿಂಗಳ ಸೂಪರ್‌ವಿಷನ್ (ಒಬ್ಬೊಬ್ಬರ ಜೊತೆ ಕೂತು ಕೆಲಸದ ಬಗ್ಗೆ ಮಾತಾಡುವುದು) ನಿಜಕ್ಕೂ ನಡೆಯುತ್ತಿದೆಯೇ, ಮ್ಯಾನೇಜರ್ ಎರಡು ವಾರ ರಜೆ ಹೋದರೆ ಕೇಂದ್ರ ನಡೆಯುತ್ತದೆಯೇ ಎಂಬುದನ್ನೂ ನೋಡಿ.

ಯಾವಾಗ ಬೇಡ ಅನ್ನಬೇಕು?

ಕೇಂದ್ರ ಮುಚ್ಚುವ ಮಾತು ನಡೆಯುತ್ತಿರುವಾಗ. ಲೈನ್ ಮ್ಯಾನೇಜರ್ ಹುದ್ದೆಯೇ ಖಾಲಿ ಇರುವಾಗ. ಲೆವಿ ಹಣ ಈ ತಿಂಗಳು ಕಳೆದುಹೋಗುತ್ತದೆ ಎಂಬುದೊಂದೇ ಕಾರಣವಾಗಿರುವಾಗ. ಒಬ್ಬರ ಕಾರ್ಯಕ್ಷಮತೆಯ ತಕರಾರನ್ನು ನೇರವಾಗಿ ಹೇಳಲಾಗದೆ ‘ಒಂದು ಕೋರ್ಸಿಗೆ ಹಾಕೋಣ’ ಎಂದು ಯೋಚಿಸುತ್ತಿರುವಾಗ. ಮತ್ತೆ, ಆ ವ್ಯಕ್ತಿಗೇ ಮನಸ್ಸಿಲ್ಲದಿರುವಾಗ. ಬಹಳ ಒಳ್ಳೆಯ ಸಪೋರ್ಟ್ ವರ್ಕರ್ ಒಬ್ಬರು ನನಗೆ ಹೇಳಿದ್ದರು, “ನನಗೆ ಮ್ಯಾನೇಜರ್ ಆಗೋದು ಬೇಡ. ನಾನು ಇವರ ಜೊತೆಗೇ ಇರ್ತೀನಿ.” ಅವರು ಇನ್ನೂ ಅದೇ ಕೇಂದ್ರದಲ್ಲಿದ್ದಾರೆ. ಹೊಸ ಡೆಪ್ಯುಟಿಗಳು ಬಂದಾಗ ಮೊದಲ ವಾರ ಅವರ ಜೊತೆ ಶಿಫ್ಟಿಗೆ ಹಾಕುತ್ತೇವೆ.